ಕೀಲಿ ಯಾರ ಕೈಯಲ್ಲಿ? ಮಲೇಷ್ಯಾದ ಸಾಫ್ಟ್‌ವೇರ್ ಜಗಳದಲ್ಲಿ ನಮ್ಮವರ ಪಾಲು

ಮನೆಯಲ್ಲಿ ಆ್ಯಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಇದ್ದರೆ ಅದರ ಫಾಂಟ್‌ಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ‘ಕನ್ನಡ ಎಂಎನ್’, ‘ಕನ್ನಡ ಸಂಗಮ್ ಎಂಎನ್’ ಎಂಬ ಎರಡು ಹೆಸರು ಕಣ್ಣಿಗೆ ಬೀಳುತ್ತವೆ. ಆ ‘ಎಂಎನ್’ ಅಂದರೆ ಮುತ್ತು ನೆಡುಮಾರನ್. ಅವರು ಮಲೇಷ್ಯಾದ ತಮಿಳರು, 1985ರಲ್ಲೇ ‘ಮುರಸು ಅಂಜಲ್’ ಎಂಬ ತಮಿಳು ತಂತ್ರಾಂಶ ರೂಪಿಸಿದವರು. ಮುಂದೆ ಆ್ಯಪಲ್‌ಗಾಗಿ ತಮಿಳಷ್ಟೇ ಅಲ್ಲ, ಕನ್ನಡ, ತೆಲುಗು, ಮಲಯಾಳ ಅಕ್ಷರಗಳನ್ನೂ ಅವರು ಸಿದ್ಧಮಾಡಿಕೊಟ್ಟರು. ಮೈಸೂರಿನಲ್ಲೋ ಮಂಡ್ಯದಲ್ಲೋ ಮ್ಯಾಕ್‌ನ ಮುಂದೆ ಕೂತು ಕನ್ನಡ ಓದುವವರಲ್ಲಿ ಎಷ್ಟು ಮಂದಿಗೆ, ತಾವು ಓದುತ್ತಿರುವ ‘ಕ’ಕಾರದ ತಲೆಕಟ್ಟು ಮಲೇಷ್ಯಾದ ಕೈಯಿಂದ ಬಂದದ್ದು ಎಂದು ಗೊತ್ತು?

ಅದೇ ಪಟ್ಟಿಯಲ್ಲಿ ಇನ್ನೂ ಕೆಳಗೆ ಹೋದರೆ ‘ನೋಟೊ ಸಾನ್ಸ್ ಕನ್ನಡ’ ಅಂತ ಮತ್ತೊಂದಿದೆ. ಇದು ಗೂಗಲ್ ಮಾಡಿಸಿದ ಫಾಂಟ್. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡವನ್ನು ತೋರಿಸುವುದೂ ಸಾಮಾನ್ಯವಾಗಿ ಇದೇ. ಮೊದಲನೆಯದಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಸ್ವಲ್ಪವೇ. ಕಾಣದಿರುವ ವ್ಯತ್ಯಾಸ ದೊಡ್ಡದು. ಎಂಎನ್ ಅಕ್ಷರಗಳು ಆ್ಯಪಲ್ ಯಂತ್ರದ ಜೊತೆ ಬರುತ್ತವೆ, ಅವನ್ನು ತಿದ್ದುವ, ಹಂಚುವ ಹಕ್ಕು ನಮಗಿಲ್ಲ. ನೋಟೊವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ತಮ್ಮ ಪುಸ್ತಕಕ್ಕೆ ಬಳಸಬಹುದು, ಬೇರೆಯವರಿಗೆ ಕೊಡಬಹುದು.

ಒಂದು ಸ್ವಾಮ್ಯದ ತಂತ್ರಾಂಶ, ಇನ್ನೊಂದು ಮುಕ್ತ ತಂತ್ರಾಂಶ. ಕಂಪ್ಯೂಟರ್ ಕೆಲಸದವರು ಪ್ರೊಪ್ರೈಟರಿ, ಓಪನ್ ಸೋರ್ಸ್ ಅನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ ಎಂಬ ಜಗಳ ಜಗತ್ತಿನ ತಂತ್ರಜ್ಞರಲ್ಲಿ ದಶಕಗಳಿಂದ ನಡೆದಿದೆ. ಮಲೇಷ್ಯಾದಲ್ಲಿ ಅದು ತಂತ್ರಜ್ಞರ ಹರಟೆಯಾಗಿ ಉಳಿಯದೆ ಸರ್ಕಾರದ ನೀತಿಯವರೆಗೂ ಹೋಯಿತು. ಇಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರ ಕೆಲಸ, ವೀಸಾ, ಕೆಲವೊಮ್ಮೆ ನಿದ್ದೆ ಕೂಡ ಅದರ ಮೇಲೆ ನಿಂತಿದೆ. ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ‘ಮಗ ಸೈಬರ್‌ಜಾಯಾದಲ್ಲಿ ಸರ್ವರ್ ನೋಡಿಕೊಳ್ಳುತ್ತಾನೆ’ ಎಂಬಲ್ಲಿಗೆ ವಿಷಯ ಮುಗಿಯುತ್ತದೆ. ಆ ಸರ್ವರ್ ಒಳಗಿನದು ಯಾರ ಸೊತ್ತು ಎಂಬಲ್ಲಿಂದ ಮಗನ ತಲೆಬಿಸಿ ಶುರುವಾಗುತ್ತದೆ.

ಬಾಳೆ ಎಲೆ ಮುಂದಿನ ವಾದ

ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್ ಅಂದರೆ ಇಲ್ಲಿನ ‘ಲಿಟಲ್ ಇಂಡಿಯಾ’. ಬಾಳೆ ಎಲೆ ಊಟದ ಹೋಟೆಲುಗಳಲ್ಲಿ ಭಾನುವಾರ ಮಧ್ಯಾಹ್ನ ತಮಿಳಿನ ಗದ್ದಲದ ನಡುವೆ ಒಂದೆರಡು ಮೇಜಿನಿಂದ ಕನ್ನಡವೂ ಕೇಳುತ್ತದೆ. ಅಂಥ ಒಂದು ಮೇಜಿನಲ್ಲಿ ದಾವಣಗೆರೆಯವರೊಬ್ಬರು, ಪುತ್ತೂರಿನವರೊಬ್ಬರು ಎದುರುಬದುರು ಕೂತಿದ್ದರು. ಮೊದಲಿನವರು ಬ್ಯಾಂಕೊಂದಕ್ಕೆ ಸೇವೆ ಕೊಡುವ ಕಂಪನಿಯವರು, ಪರವಾನಗಿ ಕೊಂಡ ದುಬಾರಿ ಸಾಫ್ಟ್‌ವೇರ್ ನಡೆಸುವವರು. ಎರಡನೆಯವರದು ಸಣ್ಣ ಕಂಪನಿ, ಪೂರ್ತಿ ಲಿನಕ್ಸ್.

“ನಿಮ್ಮ ಸಾಫ್ಟ್‌ವೇರ್ ಒಳಗೆ ಏನಿದೆ ಅಂತ ನಿಮಗೇ ಗೊತ್ತಿಲ್ಲ ಮಾರಾಯ್ರೆ. ಬೀಗ ಅವರದ್ದು, ಕೀಲಿ ಅವರದ್ದು, ಬಾಡಿಗೆ ಮಾತ್ರ ನಿಮ್ಮದು” ಎಂದರು ಪುತ್ತೂರಿನವರು.

“ಸರಿ ಸಾರ್, ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿದ್ರೆ ನಿಮ್ ಕಡೆ ಫೋನ್ ಎತ್ತೋರು ಯಾರು? ನಮ್ ಕಡೆ ಎತ್ತೋಕೆ ಒಬ್ಬ ಇರ್ತಾನೆ. ಅದಕ್ಕೇ ದುಡ್ಡು ಕೊಡೋದು.”

“ಎತ್ತುತ್ತಾನೆ. ಎತ್ತಿ, ‘ಟಿಕೆಟ್ ಹಾಕಿ’ ಅಂತಾನೆ.”

ಮೇಜೆಲ್ಲ ನಕ್ಕಿತು. ಈ ಎರಡು ಮಾತಿನಲ್ಲಿ ಜಗಳದ ಮುಕ್ಕಾಲು ಭಾಗ ಬಂದುಬಿಟ್ಟಿತು ಅನ್ನಿಸಿತು ನನಗೆ. ಉಳಿದ ಕಾಲು ಭಾಗ ತಪ್ಪು ತಿಳಿವಳಿಕೆ. ಅದರಲ್ಲಿ ಮುಖ್ಯವಾದದ್ದು ಬೆಲೆಯ ಬಗ್ಗೆ.

ಮುಕ್ತ ತಂತ್ರಾಂಶ ಅಂದರೆ ಪುಕ್ಕಟೆ ತಂತ್ರಾಂಶ ಅಂತ ಬಹಳ ಜನ ತಿಳಿದಿದ್ದಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಅನ್ನುವುದರಿಂದ ಅಲ್ಲಿನವರಿಗೆ ಈ ಗೊಂದಲ ಸಹಜ. ನಮಗೆ ಬಿಟ್ಟಿ ಬೇರೆ, ಬಿಡುಗಡೆ ಬೇರೆ. ಕನ್ನಡದಲ್ಲಿ ಗೊಂದಲಕ್ಕೆ ಕಾರಣವೇ ಇಲ್ಲ. ಅಂಗಡಿಯಿಂದ ಸಾಂಬಾರು ಪುಡಿ ಪೊಟ್ಟಣ ತಂದರೆ ಅಡುಗೆ ಬೇಗ ಆಗುತ್ತದೆ, ರುಚಿಗೆ ಗ್ಯಾರಂಟಿ ಇರುತ್ತದೆ. ಅಳತೆ ಮಾತ್ರ ಕಂಪನಿಯ ಗುಟ್ಟು. ಅತ್ತೆ ಪುಡಿಯ ಜೊತೆಗೆ ಅಳತೆಯನ್ನೂ ಬರೆದುಕೊಟ್ಟು, ‘ನಿಮ್ಮ ಮನೆಗೆ ಬೇಕಾದಂತೆ ಬದಲಿಸಿಕೊ, ಬೇಕಿದ್ದವರಿಗೆ ಕೊಡು’ ಅಂದರೆ ಅದು ಮುಕ್ತ. ಆ ಅತ್ತೆ ಪುಡಿಗೆ ದುಡ್ಡು ಕೇಳಿದರೂ ಅದು ಮುಕ್ತವೇ. ಪೊಟ್ಟಣದವನು ಬಿಟ್ಟಿ ಹಂಚಿದರೂ ಅದು ಮುಚ್ಚಿದ್ದೇ.

ಕನ್ನಡಿಗರಿಗೆ ಇದರ ಅನುಭವ ಹಳೆಯದು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಾಗ ಹೊರದೇಶದ ಕನ್ನಡಿಗರಿಗೆ ಹಬ್ಬ. ಪುಕ್ಕಟೆಯಾಗಿ ಸಿಗುತ್ತಿತ್ತು, ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಮೂಡುತ್ತಿತ್ತು. ಅಮೆರಿಕದಿಂದ ಮಸ್ಕತ್‌ವರೆಗೆ ಎಷ್ಟೋ ಸಂಘಗಳ ಆಹ್ವಾನ ಪತ್ರಿಕೆಗಳು ಅದರಲ್ಲೇ ತಯಾರಾದವು. ಆದರೆ ಒಳಗಿನ ಕೋಡ್ ತೆರೆದಿರಲಿಲ್ಲ, ಮುಂದಿನ ಆವೃತ್ತಿಗಳಿಗೆ ದುಡ್ಡೂ ಬಂತು. ಅದರಲ್ಲಿ ತಪ್ಪೇನೂ ಇಲ್ಲ, ಅವರು ಮಾಡಿದ ಉಪಕಾರ ಸಣ್ಣದಲ್ಲ. ಬಿಟ್ಟಿ ಎಂಬುದು ಕೊಡುವವರು ಬಯಸಿದಷ್ಟು ದಿನ ಇರುವ ಸೌಲಭ್ಯ. ಮುಕ್ತ ಎಂಬುದು ಪರವಾನಗಿಯಲ್ಲಿ ಬರೆದುಕೊಟ್ಟ ಹಕ್ಕು. ವ್ಯತ್ಯಾಸ ಇಷ್ಟೇ.

ಪುತ್ರಜಾಯಾದ ಒಲವು, ನಂತರದ ತಟಸ್ಥ

ಮಲೇಷ್ಯಾ ಈ ಜಗಳಕ್ಕೆ ಇಳಿದದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1996ರಲ್ಲಿ ಪ್ರಧಾನಿ ಮಹಾತಿರ್ ಮೊಹಮದ್ ‘ಮಲ್ಟಿಮೀಡಿಯಾ ಸೂಪರ್ ಕಾರಿಡಾರ್’ ಎಂಬ ದೊಡ್ಡ ಕನಸನ್ನು ಮುಂದಿಟ್ಟರು. ಕ್ವಾಲಾಲಂಪುರದ ದಕ್ಷಿಣಕ್ಕೆ, ತಾಳೆ ತೋಟಗಳಿದ್ದ ಕಡೆ ಸೈಬರ್‌ಜಾಯಾ ಎಂಬ ಐಟಿ ನಗರ, ಪಕ್ಕದಲ್ಲೇ ಪುತ್ರಜಾಯಾ ಎಂಬ ಆಡಳಿತ ನಗರ ಎದ್ದವು. ಸಲಹೆ ಕೊಡಲು ಕರೆಸಿದ ಅಂತರರಾಷ್ಟ್ರೀಯ ಸಮಿತಿಯಲ್ಲಿ ಮೈಕ್ರೊಸಾಫ್ಟ್‌ನ ಬಿಲ್ ಗೇಟ್ಸ್ ಕೂಡ ಇದ್ದರು. ನಮ್ಮ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಎಂಜಿನಿಯರುಗಳು ಈ ಕಡೆಗೆ ಬರುವ ದಾರಿ ತೆರೆದದ್ದೂ ಆ ಕಾರಿಡಾರೇ.

ಹೀಗೆ ದೊಡ್ಡ ಕಂಪನಿಗಳನ್ನು ಕರೆದು ಕೂರಿಸಿದ ದೇಶವೇ ಎಂಟು ವರ್ಷಗಳ ನಂತರ ಮುಕ್ತ ತಂತ್ರಾಂಶಕ್ಕೆ ಒಲಿಯಿತು. 2004ರ ಜುಲೈನಲ್ಲಿ ಸರ್ಕಾರಿ ವಲಯದ ‘ಓಪನ್ ಸೋರ್ಸ್ ಮಾಸ್ಟರ್ ಪ್ಲಾನ್’ ಹೊರಬಂತು. ಅದನ್ನು ತಂದದ್ದು ಪ್ರಧಾನಿ ಕಚೇರಿಯ ಕೆಳಗಿನ ‘ಮಾಂಪು’ ಎಂಬ ಆಡಳಿತ ಆಧುನೀಕರಣ ಘಟಕ. ಅದರಲ್ಲಿದ್ದ ಒಂದು ಸಾಲಿನ ತಾತ್ಪರ್ಯ ಇದು: ಒಳಿತು ಕೆಡುಕು ತೂಗಿ ನೋಡಿದಾಗ ಎರಡೂ ಬಗೆಯ ತಂತ್ರಾಂಶ ಸಮಸಮ ಬಂದರೆ, ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು. ಕಚೇರಿಗಳಿಗೆ ನೆರವಾಗಲು ಅದೇ ವರ್ಷ ಒಂದು ಪರಿಣತಿ ಕೇಂದ್ರವೂ ಶುರುವಾಯಿತು. ಸಭೆಗಳ ನಡಾವಳಿ ನಿರ್ವಹಿಸುವ ‘ಮೈಮೀಟಿಂಗ್’ ಎಂಬ ತಂತ್ರಾಂಶವನ್ನು ಅಲ್ಲಿನವರೇ ಬರೆದು ಎಲ್ಲರಿಗೂ ತೆರೆದಿಟ್ಟರು. ಸರ್ಕಾರಿ ಸಭೆಯ ನಡಾವಳಿ ಅಂದರೆ ನಮಗೆ ಆಕಳಿಕೆ ಬರುವುದು ಬೇರೆ ಮಾತು. ಪ್ರತಿ ಇಲಾಖೆಯೂ ಅದಕ್ಕಾಗಿ ಪ್ರತ್ಯೇಕ ಪರವಾನಗಿ ಕೊಳ್ಳುವುದು ತಪ್ಪಿತಲ್ಲ, ಅದೇ ಲಾಭ.

ಸಮಸಮ ಬಂದಾಗ ಮಾತ್ರ ಆದ್ಯತೆ ಎಂಬುದು ಬಹಳ ಮೆದುವಾದ ಷರತ್ತು. ಆದರೂ ಅದಕ್ಕೆ ಆಕ್ಷೇಪ ಬಂತು. ಸರ್ಕಾರ ಒಬ್ಬರ ಕಡೆ ವಾಲಬಾರದು, ಕೊಳ್ಳುವಾಗ ಗುಣ ನೋಡಬೇಕೇ ಹೊರತು ಜಾತಿ ನೋಡಬಾರದು ಎಂಬುದು ಎದುರು ಪಕ್ಷದ ವಾದ. 2006ರ ಕೊನೆಯ ಹೊತ್ತಿಗೆ ಆ ಆದ್ಯತೆಯ ಸಾಲು ಸಡಿಲಾಗಿ ನೀತಿ ‘ತಟಸ್ಥ’ವಾಯಿತು. ಮುಕ್ತ ತಂತ್ರಾಂಶ ಬಳಸಬೇಡಿ ಎಂದೇನೂ ಹೇಳಲಿಲ್ಲ. ಒಲವು ಮಾತ್ರ ಹೋಯಿತು. ನನ್ನ ಮಟ್ಟಿಗೆ ಹೇಳುವುದಾದರೆ ಇಲ್ಲಿ ತಟಸ್ಥ ಎಂಬುದು ಪೂರ್ತಿ ತಟಸ್ಥವಲ್ಲ. ಮೊದಲೇ ಮನೆ ಮಾಡಿಕೊಂಡಿರುವವನಿಗೂ ಹೊಸದಾಗಿ ಬಾಗಿಲು ತಟ್ಟುವವನಿಗೂ ಸಮಾನ ಅವಕಾಶ ಅಂದರೆ, ಒಳಗಿರುವವನೇ ಗೆಲ್ಲುವುದು. ನೌಕರರು ಕಲಿತದ್ದು ಒಂದು ತಂತ್ರಾಂಶ, ಹಳೆಯ ಕಡತಗಳಿರುವುದು ಅದರಲ್ಲೇ. ಬದಲಿಸುವ ಖರ್ಚನ್ನು ಯಾವಾಗಲೂ ಹೊಸಬನ ತಲೆಗೇ ಕಟ್ಟುತ್ತಾರೆ.

ಎರಡು ವರ್ಷದಲ್ಲಿ ಇನ್ನೊಂದು ಪರೀಕ್ಷೆ ಬಂತು, ಈ ಸಲ ಕಡತಗಳ ವಿಷಯಕ್ಕೆ. ಒಂದು ಪತ್ರವನ್ನು ಕಂಪ್ಯೂಟರಿನಲ್ಲಿ ಯಾವ ರೂಪದಲ್ಲಿ ಉಳಿಸಬೇಕು ಎಂಬ ಪ್ರಶ್ನೆ ಅದು. ‘ಓಪನ್ ಡಾಕ್ಯುಮೆಂಟ್’ ಎಂಬ ಮುಕ್ತ ರೂಪಕ್ಕೆ 2006ರಲ್ಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದ ಮುದ್ರೆ ಬಿದ್ದಿತ್ತು. ಆಗ ಮೈಕ್ರೊಸಾಫ್ಟ್ ತನ್ನ ಆಫೀಸ್ ತಂತ್ರಾಂಶದ ಕಡತ ರೂಪಕ್ಕೂ ಅದೇ ಮುದ್ರೆ ಬೇಕೆಂದು ಹೊರಟಿತು. ದೇಶದೇಶಗಳ ಮಾನಕ ಸಂಸ್ಥೆಗಳು ಮತ ಹಾಕಬೇಕಿತ್ತು. ಭಾರತದಲ್ಲಿ ನಮ್ಮ ಐಟಿ ಉದ್ಯಮದ ಘಟಾನುಘಟಿಗಳು ಒಂದು ಕಡೆ, ವಿದ್ಯಾಸಂಸ್ಥೆಗಳು ಮತ್ತು ಸರ್ಕಾರಿ ಸಂಸ್ಥೆಗಳು ಇನ್ನೊಂದು ಕಡೆ ನಿಂತವು. ಕೊನೆಗೆ 2007ರ ಸೆಪ್ಟೆಂಬರ್‌ನಲ್ಲೂ 2008ರ ಮಾರ್ಚ್‌ನಲ್ಲೂ ಭಾರತದ ಮತ ‘ಬೇಡ’ ಎಂದೇ ಬಿತ್ತು. ಮಲೇಷ್ಯಾ? ಎರಡೂ ಸಲ ತಟಸ್ಥ. ಭಾರತದ ವಿರೋಧವೂ ಸಾಲದೆ 2008ರಲ್ಲಿ ಆ ರೂಪವೂ ಮಾನಕವಾಯಿತು. ಇವತ್ತು ನಿಮ್ಮ ಮಗಳು ಕಳಿಸುವ ರೆಸ್ಯೂಮೆ ಬಹುಪಾಲು ಆ ರೂಪದಲ್ಲೇ ಇರುತ್ತದೆ.

ಶಾಲೆಗಳ ಕತೆ ಬೇಗ ಹೇಳಿ ಮುಗಿಸಬಹುದು. 2013ರಲ್ಲಿ ಮಲೇಷ್ಯಾ ತನ್ನ ಶಾಲೆಗಳಿಗೆ ಗೂಗಲ್‌ನ ಸೇವೆಗಳನ್ನು ಆರಿಸಿಕೊಂಡಿತು. ವಿದ್ಯಾರ್ಥಿ, ಶಿಕ್ಷಕ, ಪೋಷಕರೆಲ್ಲ ಸೇರಿ 1 ಕೋಟಿ ಮಂದಿಗೆ ಅಂತ ಆಗ ಘೋಷಣೆಯಾಗಿತ್ತು. 2020ರಲ್ಲಿ ಬಂದ ‘ಡೆಲಿಮಾ’ ಕಲಿಕಾ ವೇದಿಕೆಯಲ್ಲಿ ಗೂಗಲ್, ಮೈಕ್ರೊಸಾಫ್ಟ್, ಆ್ಯಪಲ್ ಮೂವರೂ ಇದ್ದಾರೆ. ಇನ್ನು 2024ರ ಮೇ 2ರಂದು ಕ್ವಾಲಾಲಂಪುರಕ್ಕೆ ಬಂದ ಮೈಕ್ರೊಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ, ನಾಲ್ಕು ವರ್ಷದಲ್ಲಿ 220 ಕೋಟಿ ಡಾಲರ್ ಹೂಡಿಕೆ, 2 ಲಕ್ಷ ಮಲೇಷ್ಯನ್ನರಿಗೆ ಎಐ ತರಬೇತಿ ಎಂದು ಸಾರಿದರು. ನಾದೆಲ್ಲಾ ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. ಅದನ್ನು ಇಲ್ಲಿನ ಕರಾವಳಿಯವರು ಸಂದರ್ಭ ಸಿಕ್ಕಾಗಲೆಲ್ಲ ನೆನಪಿಸದೆ ಬಿಡುವುದಿಲ್ಲ.

ಪೆನಾಂಗ್‌ನ ಮಗ, ಬದಲಾದ ಬಿಲ್ಲು

ಕೆಲಸದ ಮಾತಿಗೆ ಬರೋಣ. ಒಂದೇ ದೊಡ್ಡ ಯಂತ್ರವನ್ನು ಹತ್ತಾರು ಕಂಪ್ಯೂಟರುಗಳಂತೆ ಹಂಚಿ ನಡೆಸುವ ‘ವಿಎಂವೇರ್’ ಎಂಬ ಸಾಫ್ಟ್‌ವೇರ್ ಇದೆ. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ ಎಲ್ಲ ಕಡೆ ಅದು ಬೇಕು. ಅದನ್ನು ಬಲ್ಲ ಎಂಜಿನಿಯರುಗಳಿಗೆ ವರ್ಷಗಟ್ಟಲೆ ಒಳ್ಳೆಯ ಬೇಡಿಕೆ ಇತ್ತು, ಆ ಸರ್ಟಿಫಿಕೇಟ್ ಹಿಡಿದೇ ವಿಮಾನ ಹತ್ತಿದ ನಮ್ಮವರು ಕಡಿಮೆಯಿಲ್ಲ. 2023ರ ನವೆಂಬರ್‌ನಲ್ಲಿ ಆ ಕಂಪನಿಯನ್ನು ‘ಬ್ರಾಡ್‌ಕಾಮ್’ ಕೊಂಡುಕೊಂಡಿತು. ಮರು ತಿಂಗಳೇ, ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಪರವಾನಗಿಯ ಮಾರಾಟ ನಿಂತಿತು. ಇನ್ನು ಮೇಲೆ ಚಂದಾ ಲೆಕ್ಕ. ಬಿಲ್ಲು ನೋಡಿ ಗ್ರಾಹಕರು ಹೌಹಾರಿದರು, ಅನೇಕರು ‘ಪ್ರಾಕ್ಸ್‌ಮಾಕ್ಸ್’ನಂಥ ಮುಕ್ತ ತಂತ್ರಾಂಶಗಳ ಕಡೆ ಹೊರಳಿ ನೋಡತೊಡಗಿದರು. ಬ್ರಾಡ್‌ಕಾಮ್‌ನ ಮುಖ್ಯಸ್ಥ ಹಾಕ್ ಟಾನ್ ಹುಟ್ಟಿದ್ದು ಇದೇ ಮಲೇಷ್ಯಾದ ಪೆನಾಂಗ್‌ನಲ್ಲಿ. ಅಮೆರಿಕದಲ್ಲಿ ಕೂತ ಪೆನಾಂಗ್‌ನ ಮಗ ಬೆಲೆಪಟ್ಟಿ ಬದಲಿಸಿದರೆ ಪೆನಾಂಗ್‌ನಲ್ಲಿ ಕೂತ ನಮ್ಮ ಹಾಸನದ ಹುಡುಗ ಹೊಸ ವಿದ್ಯೆ ಕಲಿಯಬೇಕಾಗುತ್ತದೆ.

ಇದು ಬರೀ ಕಲಿಯುವ ಕಷ್ಟವಲ್ಲ. ಇಲ್ಲಿ ಹೊರದೇಶದ ತಂತ್ರಜ್ಞರಿಗೆ ಸಿಗುವ ‘ಎಂಪ್ಲಾಯ್‌ಮೆಂಟ್ ಪಾಸ್’ ಕೆಲಸ ಕೊಟ್ಟ ಕಂಪನಿಗೆ ಕಟ್ಟಿದ್ದು. ಕೆಲಸ ಹೋದರೆ ಪಾಸ್ ಹೋಯಿತು. ಅದರ ಬೆನ್ನಿಗೆ ಹೆಂಡತಿ ಮಕ್ಕಳ ಪಾಸ್, ಮಕ್ಕಳ ಶಾಲೆ, ಮನೆ ಬಾಡಿಗೆ ಕರಾರು. ಹಾಗಾಗಿ ಒಂದೇ ಕಂಪನಿಯ ಒಂದೇ ಸರಕನ್ನು ಬಲ್ಲವನಿಗೆ ಆ ಸರಕಿನ ಒಡೆಯ ಬದಲಾದಾಗ ಆಗುವ ಭಯ, ಸ್ಥಳೀಯನಿಗೆ ಆಗುವುದಕ್ಕಿಂತ ಹೆಚ್ಚು. ‘ಮಗ ರಾತ್ರಿಯೆಲ್ಲ ಏನೋ ಓದುತ್ತಾನೆ, ಪರೀಕ್ಷೆಯಂತೆ’ ಎಂದು ಊರಲ್ಲಿ ಹೇಳುವ ತಾಯಂದಿರಿಗೆ ಆ ಪರೀಕ್ಷೆ ಯಾಕೆಂದು ಈಗ ತಿಳಿದಿರಬಹುದು.

ಹಾಗಾದರೆ ಮುಕ್ತ ತಂತ್ರಾಂಶದವರು ನಿಶ್ಚಿಂತರೇ? ಅಲ್ಲ. ‘ಸೆಂಟ್‌ಒಎಸ್’ ಎಂಬ ಲಿನಕ್ಸ್ ಆವೃತ್ತಿಯನ್ನು ನಂಬಿ ಸಾವಿರಾರು ಕಂಪನಿಗಳು ಸರ್ವರ್ ಕಟ್ಟಿದ್ದವು. ಅದರ ಎಂಟನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ ಎಂಬ ನಂಬಿಕೆಯಿತ್ತು. 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಕಂಪನಿ, 2021ರ ಕೊನೆಗೇ ಮುಗಿಸುತ್ತೇವೆ ಎಂದುಬಿಟ್ಟಿತು. ಆಗಲೂ ನಮ್ಮವರ ನಿದ್ದೆ ಕೆಟ್ಟಿತು. ಆದರೆ ಮುಂದಿನ ಕತೆ ಬೇರೆ: ಕೋಡ್ ತೆರೆದೇ ಇದ್ದುದರಿಂದ ಬೇರೆಯವರು ಅದನ್ನು ಎತ್ತಿಕೊಂಡು ‘ರಾಕಿ ಲಿನಕ್ಸ್’, ‘ಆಲ್ಮಾ ಲಿನಕ್ಸ್’ ಎಂಬ ಎರಡು ಹೊಸ ಆವೃತ್ತಿಗಳನ್ನು ಕೆಲವೇ ತಿಂಗಳಲ್ಲಿ ತಂದರು. ಒಡೆಯ ಕೈಬಿಟ್ಟರೂ ತೋಟ ಒಣಗಲಿಲ್ಲ.

ಕಾನೂನಿನ ವಿಷಯದಲ್ಲಿ ಮಾತ್ರ ಹರಟೆಗೆ ಜಾಗವಿಲ್ಲ. ಪರವಾನಗಿ ಇಲ್ಲದ ಸಾಫ್ಟ್‌ವೇರ್ ಹಾಕಿಕೊಳ್ಳುವುದು ನಮ್ಮೂರಿನ ಡಿಟಿಪಿ ಅಂಗಡಿಗಳಲ್ಲಿ ಮಾಮೂಲು, ಯಾರೂ ಕೇಳುವುದಿಲ್ಲ. ಮಲೇಷ್ಯಾದಲ್ಲಿ 1987ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಇಂಥ ಅಪರಾಧಕ್ಕೆ ಒಂದೊಂದು ನಕಲಿ ಪ್ರತಿಗೂ 2,000ದಿಂದ 20,000 ರಿಂಗಿಟ್‌ವರೆಗೆ ದಂಡ, 5 ವರ್ಷದವರೆಗೆ ಜೈಲು ಇದೆ. 20,000 ರಿಂಗಿಟ್ ಅಂದರೆ ಹೆಚ್ಚುಕಡಿಮೆ 4 ಲಕ್ಷ ರೂಪಾಯಿ, ಅದೂ ಒಂದು ಪ್ರತಿಗೆ. ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನಿಗೆ ಮಾಲೀಕ ‘ಹೇಗಾದರೂ ಹಾಕಿಬಿಡು’ ಎಂದರೆ, ಹಾಕಿದವನ ಪಾಸ್‌ಪೋರ್ಟ್ ಹೊರದೇಶದ್ದು ಎಂಬುದನ್ನು ಅವನು ಮರೆಯಬಾರದು. ದುಡ್ಡು ಕೊಟ್ಟು ಕೊಳ್ಳಬೇಕು, ಆಗದಿದ್ದರೆ ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶ ಹಾಕಬೇಕು. ಮೂರನೆಯ ದಾರಿ ಇಲ್ಲಿಲ್ಲ.

ಒಂದು ಶುಕ್ರವಾರ, ಅರ್ಧ ಸೆಕೆಂಡು

2024ರ ಜುಲೈ 19, ಶುಕ್ರವಾರ. ಮಲೇಷ್ಯಾದಲ್ಲಿ ಮಧ್ಯಾಹ್ನ, ನಮ್ಮಲ್ಲಿ ಬೆಳಗಿನ ಕಚೇರಿ ಹೊತ್ತು. ‘ಕ್ರೌಡ್‌ಸ್ಟ್ರೈಕ್’ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಏರ್ ಏಷ್ಯಾದ ಚೆಕ್-ಇನ್ ಕೈಕೆಲಸಕ್ಕೆ ಇಳಿಯಿತು. ಬೆಂಗಳೂರು ನಿಲ್ದಾಣದಲ್ಲೂ ಸಾಲು ಬೆಳೆಯಿತು. ಎರಡೂ ತುದಿಯಲ್ಲಿ ನಮ್ಮವರೇ ಕಾದು ನಿಂತಿದ್ದರು. ಮಲೇಷ್ಯಾದ 5 ಸರ್ಕಾರಿ ಸಂಸ್ಥೆಗಳಿಗೂ 9 ಕಂಪನಿಗಳಿಗೂ ಪೆಟ್ಟು ಬಿತ್ತು. ನಷ್ಟ ತುಂಬಿಕೊಡುವ ಬಗ್ಗೆ ಯೋಚಿಸಿ ಎಂದು ಡಿಜಿಟಲ್ ಸಚಿವ ಗೋಬಿಂದ್ ಸಿಂಗ್ ದೇವ್ ಮೈಕ್ರೊಸಾಫ್ಟ್‌ಗೂ ಕ್ರೌಡ್‌ಸ್ಟ್ರೈಕ್‌ಗೂ ಕೇಳಿಕೊಂಡರು. ‘ನೋಡಿದಿರಾ, ಒಬ್ಬರ ಕೈಗೆ ಕೀಲಿ ಕೊಟ್ಟರೆ ಹೀಗೆ’ ಎಂದು ಲಿನಕ್ಸ್ ಪಕ್ಷದವರು ಅವತ್ತು ಬೀಗಿದರು.

ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಅವರೂ ಕೂದಲೆಳೆಯಲ್ಲಿ ಪಾರಾಗಿದ್ದರು. ‘ಎಕ್ಸ್‌ಝಡ್’ ಎಂಬ ಪುಟ್ಟ ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೇಸತ್ತ ಒಬ್ಬ ಸ್ವಯಂಸೇವಕ. ಸಹಾಯ ಮಾಡುವ ನೆಪದಲ್ಲಿ ಅವರ ವಿಶ್ವಾಸ ಗಳಿಸಿದ ಅನಾಮಧೇಯನೊಬ್ಬ ಅದರೊಳಗೆ ಕಳ್ಳಬಾಗಿಲು ಇಟ್ಟುಬಿಟ್ಟಿದ್ದ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಅದು ಹೋಗುವುದರಲ್ಲಿತ್ತು. ಲಾಗಿನ್ ಆಗುವಾಗ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಗುಮಾನಿ ಬಂದು ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಅವರಿಗೆ ಸಂಬಳ ಕೊಡುವುದು ಮೈಕ್ರೊಸಾಫ್ಟ್! ಕೋಡ್ ತೆರೆದಿದ್ದರಿಂದ ಹಿಡಿಯಲು ಆಯಿತು ಎನ್ನುವವರಿದ್ದಾರೆ. ತೆರೆದಿದ್ದರಿಂದಲೇ ಕಳ್ಳ ನುಗ್ಗಿದ ಎನ್ನುವವರೂ ಇದ್ದಾರೆ. ನನಗೆ ಕಂಡದ್ದು ಮೂರನೆಯದು. ಎಲ್ಲರೂ ನೀರು ಸೇದುವ ಬಾವಿಗೆ ಒಬ್ಬನೇ ಕಾವಲು, ಅದೂ ಸಂಬಳವಿಲ್ಲದೆ. ಮುಕ್ತ ತಂತ್ರಾಂಶವನ್ನು ಬಿಟ್ಟಿ ಎಂದು ತಿಳಿದವರ ತಪ್ಪಿಗೆ ತೆರಬೇಕಾದ ಬೆಲೆ ಅಲ್ಲಿ ಕಾಣುತ್ತದೆ.

ಊರ ಕಪಾಟಿನಲ್ಲಿರುವ ಫ್ಲಾಪಿ

ಈಗ ನಿಮ್ಮ ಮನೆಗೆ ಬರೋಣ. ಇಪ್ಪತ್ತು ವರ್ಷದ ಹಿಂದೆ ಅಜ್ಜ ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪು ಮಾಡಿಸಿದ ವಂಶಾವಳಿ, ಅಮ್ಮ ಮಗನಿಗೆ ಮಾಡಿದ ಮೊದಲ ಇ–ಮೇಲ್, ಸಂಘದ ಸ್ಮರಣ ಸಂಚಿಕೆ, ಇವು ಎಲ್ಲೋ ಫ್ಲಾಪಿಯಲ್ಲೋ ಸೀಡಿಯಲ್ಲೋ ಇರುತ್ತವೆ. ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ಕಲಸುಮೇಲೋಗರ. ಆ ಕಾಲದ ಫಾಂಟ್‌ಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಗೂಡುಗಳಲ್ಲಿ ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಒಬ್ಬರ ಗೂಡಿನ ಜೋಡಣೆ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

ಕನ್ನಡಕ್ಕೆ ತನ್ನದೇ ಗೂಡುಗಳನ್ನು ಕೊಟ್ಟ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಬಂದಿತ್ತು. ನಾವು ಅದನ್ನು ಪೂರ್ತಿ ಒಪ್ಪಿಕೊಳ್ಳಲು ಬಹಳ ವರ್ಷ ಹಿಡಿಯಿತು. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕಾದಂಬರಿ ಬದಿಗಿಟ್ಟು ಕನ್ನಡ ತಂತ್ರಾಂಶದ ಬೆನ್ನು ಹತ್ತಿದಾಗ, ಇವರಿಗೇಕೆ ಈ ಉಸಾಬರಿ ಎಂದವರಿದ್ದರು. ಮಲೇಷ್ಯಾದಲ್ಲಿ ಕೂತು ಅಪ್ಪನ ಹಳೆಯ ಕಾಗದ ತೆರೆಯಲಾಗದವರಿಗೆ ಆ ಉಸಾಬರಿಯ ಬೆಲೆ ಗೊತ್ತು.

ಇಲ್ಲಿ ಮುಕ್ತ ತಂತ್ರಾಂಶದವರ ಕೆಲಸ ಸದ್ದಿಲ್ಲದೆ ನಡೆದಿದೆ. ಹಳೆಯ ನುಡಿ, ಬರಹ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಅರವಿಂದ ವಿ.ಕೆ. ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಚೆಂದದ ಮುಕ್ತ ಫಾಂಟ್‌ಗಳೂ ಅವರವೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಿಂತಿರುವುದೂ ಮುಕ್ತ ತಂತ್ರಾಂಶದ ಮೇಲೆಯೇ.

ಇನ್ನೊಂದು ಕಡೆಯೂ ನೋಡಬೇಕು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ‘ಕೈಟ್ ಗ್ನು ಲಿನಕ್ಸ್’ನಲ್ಲಿ. ಕೇರಳ ಸರ್ಕಾರ ತನ್ನ ಶಾಲೆಗಳಿಗೆಲ್ಲ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡು ಎರಡು ದಶಕವಾಗುತ್ತ ಬಂತು. ಐಸಿಟಿ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಬರುತ್ತದೆ. ಕಂಪನಿಯೊಂದು ಕನ್ನಡಕ್ಕೆ ಮಾರುಕಟ್ಟೆ ಇದೆಯೇ ಎಂದು ಲೆಕ್ಕ ಹಾಕಿ ಕೂರುವ ಅಗತ್ಯ ಅಲ್ಲಿ ಬೀಳಲಿಲ್ಲ. ಅಲ್ಲಿಂದ ಬಂದ ಹುಡುಗರಿಗೆ ಸೈಬರ್‌ಜಾಯಾದ ಲಿನಕ್ಸ್ ಪರದೆ ಕಂಡರೆ ಹೊಸತೇನೂ ಅನ್ನಿಸುವುದಿಲ್ಲ. ಎಂಟನೇ ತರಗತಿಯಲ್ಲೇ ನೋಡಿದ್ದು.

ಬಾಳೆ ಎಲೆಯ ಮುಂದಿನ ಆ ಇಬ್ಬರಲ್ಲಿ ಯಾರು ಗೆದ್ದರು ಎಂದು ಕೇಳುತ್ತೀರಾ? ದಾವಣಗೆರೆಯವರ ಬ್ಯಾಂಕು ಈಗಲೂ ದುಡ್ಡು ಕೊಟ್ಟೇ ಸಾಫ್ಟ್‌ವೇರ್ ಕೊಳ್ಳುತ್ತದೆ, ಅದರ ಕೆಳಗಿನ ಸರ್ವರುಗಳಲ್ಲಿ ಅರ್ಧಕ್ಕರ್ಧ ಲಿನಕ್ಸ್ ಅಂತ ಅವರೇ ಒಪ್ಪಿಕೊಂಡರು. ಪುತ್ತೂರಿನವರ ಜೇಬಿನಿಂದ ರಿಂಗಣಿಸಿದ್ದು ಐಫೋನ್.

ಕೊನೆಯದಾಗಿ ಒಂದು ಕೆಲಸದ ಮಾತು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಗ ಮೊದಲ ಸಂಬಳದಲ್ಲಿ ಕೊಡಿಸಿದ ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲವೆಂದು ಗುಜರಿಗೆ ಹಾಕಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಮುಕ್ತ ವ್ಯವಸ್ಥೆ ಹಾಕಿದರೆ ಪತ್ರ ಬರೆಯಲು, ವಿಡಿಯೊ ಕರೆ ಮಾಡಲು ಅದು ಇನ್ನೂ ಕೆಲವು ವರ್ಷ ಸಾಕು. ಕನ್ನಡ ಫಾಂಟ್, ಕೀಲಿಮಣೆಗೂ ತೊಂದರೆಯಿಲ್ಲ. ಅದಕ್ಕೆ ಮುಂಚೆ ಅದರೊಳಗಿನ ಹಳೆಯ ನುಡಿ, ಬರಹ ಕಡತಗಳನ್ನು ಹಳೆಯ ಫಾಂಟ್‌ಗಳ ಸಮೇತ ನಕಲು ತೆಗೆದಿಡಿ. ಯೂನಿಕೋಡ್‌ಗೆ ಬದಲಿಸುವುದನ್ನು ಮಕ್ಕಳು ರಜೆಗೆ ಬಂದಾಗ ಕೂತು ಮಾಡಲಿ. ಈ ಸಲ ದೀಪಾವಳಿಗೆ ಬರುವಾಗ ಚಾಕೊಲೇಟಿನ ಜೊತೆ ಎರಡು ಪೆನ್ ಡ್ರೈವ್ ತರುವಂತೆ ಫೋನಿನಲ್ಲೇ ಹೇಳಿಬಿಡಿ.